ಹತ್ತು ನಿಮಿಷಕ್ಕೆ ಲೆಕ್ಕ ಮುಗಿಸಿ ಸುಮ್ನೆ ಕೂರುವ ಹುಡುಗನಿಗೆ ಮುಂದೇನು ಕೊಡಲಿ?

ಸಿದ್ದಾಪುರದ ಟೀಚರ್ · ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕು, ಐದು ಎರಡೂ ಕ್ಲಾಸು ಒಂದೇ ಕೋಣೆಯಲ್ಲಿ. ಎರಡಕ್ಕೂ ನಾನೇ. ಒಟ್ಟು 23 ಮಕ್ಕಳು, ಜಾಸ್ತಿ ಜನ ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವವರು.

ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮನೆಯಲ್ಲಿ ಎರವ ಭಾಷೆ ಮಾತಾಡುತ್ತಾರೆ. ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೋ ಅರವತ್ತೋ ತೆಗೆಯುತ್ತಾನೆ. ಬೋರ್ಡ್ ಮೇಲೆ ಹತ್ತು ಲೆಕ್ಕ ಬರೆದರೆ ಎಲ್ಲರಿಗಿಂತ ಮೊದಲು ಮುಗಿಸಿ, ಪಕ್ಕದವನ ಪೆನ್ಸಿಲ್ ಮುರಿಯುತ್ತಾ ಕೂರುತ್ತಾನೆ. ಕೆಲವು ದಿನ ಪುಸ್ತಕ ತೆಗೆಯುವುದೇ ಇಲ್ಲ. ಕೇಳಿದರೆ "ನಿನ್ನೆ ಮಾಡಿದ್ದೇ ಅಲ್ವಾ ಟೀಚರ್" ಅನ್ನುತ್ತಾನೆ. ಹೋದ ತಿಂಗಳವರೆಗೂ ಇವನೊಬ್ಬ ತುಂಟ ಅಂತಲೇ ಅಂದುಕೊಂಡಿದ್ದೆ.

ಹೋದ ವಾರ ಅವರ ತೋಟದ ರೈಟರ್ (ಲೆಕ್ಕ ಬರೆಯುವವರು) ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಅರೇಬಿಕಾ ಕಾಫಿ ಕುಯ್ಲು ಶುರುವಾಗಿದೆಯಲ್ಲ, ಸಂಜೆ ಹಣ್ಣು ತೂಕ ಹಾಕುವಾಗ ಚೀಲದ ತೂಕ ಅಂತ ಒಂದೊಂದು ಚೀಲಕ್ಕೆ ಒಂದು ಕಿಲೋ ಕಳೆಯುತ್ತಾರೆ. ಇವನ ತಾಯಿ ಎರಡು ಅರ್ಧರ್ಧ ಚೀಲ ತಂದಿದ್ದರಂತೆ. ಇವನು "ಎರಡನ್ನೂ ಒಂದೇ ಚೀಲಕ್ಕೆ ಸುರಿ, ಇಲ್ಲಾಂದ್ರೆ ಒಂದು ಕಿಲೋ ಸುಮ್ನೆ ಹೋಗುತ್ತೆ" ಅಂದನಂತೆ. ಮಾರನೇ ದಿನ ಇಡೀ ಲೈನಿನವರು ಹಾಗೇ ಮಾಡಿದರಂತೆ. ಆಮೇಲೆ ಇವನೇ ಇನ್ನೊಂದು ಪ್ರಶ್ನೆ ಕೇಳಿದನಂತೆ: "ಇಬ್ಬನಿಯಲ್ಲಿ ನೆನೆದ ಚೀಲಕ್ಕೂ ಒಂದೇ ಕಿಲೋ ಕಳೆಯೋದಾ? ಅದು ಜಾಸ್ತಿ ಭಾರ ಅಲ್ವಾ?" ತಾಯಿ ಬೇಗ ಬೇಗ ಬಾಯಿ ಮುಚ್ಚಿಸಿದರಂತೆ. ರೈಟರ್ ಇದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಆರು ತಿಂಗಳು ಇವನಿಗೆ ಎರಡಂಕಿ ಗುಣಾಕಾರ ತಿದ್ದಿಸುತ್ತಾ ಕೂತಿದ್ದೆನಲ್ಲ ಅನ್ನಿಸಿತು.

ಇಂಥ ಮಗುವಿಗೆ ಏನು ಕೊಡಬೇಕು? ಲೆಕ್ಕ ಇಷ್ಟು ಬರುವವನು ಕಥೆ ಲೆಕ್ಕಗಳನ್ನು ಮಾತ್ರ ಖಾಲಿ ಬಿಡುತ್ತಾನೆ, ಅದು ಯಾಕೆ? ಸಂಜೆ ಸ್ಪೆಷಲ್ ಕ್ಲಾಸ್ ಇಡಿ ಅಂತ ದಯವಿಟ್ಟು ಹೇಳಬೇಡಿ. ನಾಲ್ಕೂವರೆ ಮೇಲೆ ಆ ದಾರಿಯಲ್ಲಿ ಆನೆ.

ಗೋಣಿಕೊಪ್ಪದ ಅಮ್ಮ · ಡಿಸೆಂಬರ್ 9

ಟೀಚರೇ, ಹತ್ತು ಲೆಕ್ಕ ಬೇಗ ಮುಗಿಸಿದ ಅಂತ ಅದೇ ಥರದ ಇನ್ನೂ ಹತ್ತು ಮಾತ್ರ ಕೊಡಬೇಡಿ. ನನ್ನ ಮಗಳಿಗೆ ಅವಳ ಹಳೇ ಶಾಲೆಯಲ್ಲಿ ಇದನ್ನೇ ಮಾಡಿದರು. ಬೇಗ ಮುಗಿಸಿದರೆ ಜಾಸ್ತಿ ಕೆಲಸ ಬೀಳುತ್ತದೆ ಅಂತ ಅವಳಿಗೆ ಎರಡೇ ವಾರದಲ್ಲಿ ಗೊತ್ತಾಯಿತು. ನಿಧಾನ ಮಾಡುವುದನ್ನು ಕಲಿತಳು. ಮೂರನೇ ಕ್ಲಾಸಿನ ಮಗು ಟೀಚರ್ ಕಡೆ ನೋಡಿಕೊಂಡು ಬೇಕಂತಲೇ ನಿಧಾನವಾಗಿ ಬರೆಯುತ್ತಿತ್ತು!

ಇನ್ನೊಂದು ತಪ್ಪು ನಮ್ಮದೇ. ಮನೆಗೆ ಬಂದವರ ಮುಂದೆಲ್ಲ "ಇವಳು ತುಂಬಾ ಬುದ್ಧಿವಂತೆ, ಯಾವಾಗಲೂ ನೂರಕ್ಕೆ ನೂರು" ಅಂತ ಹೇಳಿ ಹೇಳಿ, ಒಂದು ಸಲ 94 ಬಂದಾಗ ಉತ್ತರ ಪತ್ರಿಕೆಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದಳು. ಅನ್ನಕ್ಕೆ ಅಕ್ಕಿ ತೆಗೆಯಲು ಹೋಗಿ ಕೈಗೆ ಕಾಗದ ಸಿಕ್ಕಿತು. ಬಿಚ್ಚಿ ನೋಡಿದರೆ ಒಂದು ಉತ್ತರ ಉಜ್ಜಿ ಉಜ್ಜಿ ಹಾಳೆ ತೂತು. ಆವತ್ತಿನಿಂದ "ಎಷ್ಟು ಬಂತು" ಅಂತ ಕೇಳುವುದು ಬಿಟ್ಟೆ. "ಇವತ್ತು ಯಾವುದು ಕಷ್ಟ ಆಯಿತು" ಅಂತ ಕೇಳುತ್ತೇನೆ. "ಯಾವುದೂ ಇಲ್ಲ" ಅಂದರೆ ಆ ದಿನ ವೇಸ್ಟ್ ಅಂತ ನಾವಿಬ್ಬರೂ ನಗುತ್ತೇವೆ.

ಲೆಕ್ಕದ ಸರ್ · ಡಿಸೆಂಬರ್ 10

ಮೇಡಂ, ಯೋಚನೆ ಮಾಡಬೇಡಿ, ಈಗಿನಿಂದಲೇ ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಿ ಶುರು ಮಾಡಿಸಿ. ಐದನೇ ಕ್ಲಾಸಿನಲ್ಲಿ ಒಂದೇ ಸಲ ಬರೆಯಲು ಅವಕಾಶ. 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, 50 ಅಂಕ. ಗಣಿತ 20, ಭಾಷೆ 20, ಎರಡಕ್ಕೂ 25-25 ಅಂಕ. ಕನ್ನಡದಲ್ಲೇ ಬರೆಯಬಹುದು. ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೇ. ನಮ್ಮ ಜಿಲ್ಲೆಯದ್ದು ಗಾಳಿಬೀಡಿನಲ್ಲಿದೆ, ಊಟ ವಸತಿ ಎಲ್ಲಾ ಫ್ರೀ. ಕೂಡಿಗೆಯ ಸೈನಿಕ ಶಾಲೆಯೂ ಇದೆ, ಆದರೆ ಅಲ್ಲಿ 300 ಅಂಕದಲ್ಲಿ 150 ಗಣಿತಕ್ಕೇ, ಫೀಸೂ ಇದೆ.

ಅದು ತಪ್ಪಿದರೆ ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ದಿನಕ್ಕೆ ಎರಡು ಗಂಟೆ ಹಳೇ ಪ್ರಶ್ನೆ ಪತ್ರಿಕೆ ಬಿಡಿಸಿದರೆ ಸಾಕು.

ಗಾಳಿಬೀಡಿನ ಹಳೇ ಹುಡುಗ · ಡಿಸೆಂಬರ್ 10

ಸರ್ ಹೇಳಿದ ಲೆಕ್ಕವೆಲ್ಲ ಸರಿ. ಆದರೆ ದಿನಕ್ಕೆ ಎರಡು ಗಂಟೆ ಹಳೇ ಪೇಪರ್? ನಾಲ್ಕನೇ ಕ್ಲಾಸಿನವನಿಗೆ? ಬೇಡ ಸರ್. "ನಿನ್ನೆ ಮಾಡಿದ್ದೇ ಅಲ್ವಾ" ಅನ್ನುವ ಹುಡುಗ ಅವನು, ಮೂರನೇ ದಿನ ಓಡಿಹೋಗುತ್ತಾನೆ.

ನಾನು ಸೋಮವಾರಪೇಟೆ ಕಡೆಯ ಹಳ್ಳಿಯವನು, ನವೋದಯದಲ್ಲಿ ಓದಿದೆ. ಮಾನಸಿಕ ಸಾಮರ್ಥ್ಯದ ಆ 40 ಪ್ರಶ್ನೆಗಳಲ್ಲಿ ಓದುವ ಕೆಲಸ ಇಲ್ಲ, ಎಲ್ಲಾ ಚಿತ್ರ. ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ದೊಡ್ಡ ಚಿತ್ರದಲ್ಲಿ ಅಡಗಿದ ಸಣ್ಣ ಚಿತ್ರ ಎಲ್ಲಿ, ಹೀಗೆ. ನನಗೆ ಕಷ್ಟವಾಗಿದ್ದು ಕಾಗದ ಮಡಚಿ ತೂತು ಹಾಕಿ ಬಿಚ್ಚಿದರೆ ತೂತು ಎಲ್ಲೆಲ್ಲಿ ಬರುತ್ತದೆ ಅನ್ನುವುದು. ಪುಸ್ತಕದಲ್ಲಿ ನೋಡಿ ನೋಡಿ ತಲೆ ಕೆಟ್ಟಿತ್ತು. ನಮ್ಮಜ್ಜಿ ಒಂದು ಕೆಸುವಿನ ಎಲೆ ಮಡಚಿ ದಬ್ಬಳದಲ್ಲಿ ಚುಚ್ಚಿ "ಈಗ ಹೇಳು, ಬಿಚ್ಚಿದರೆ ಎಷ್ಟು ತೂತು" ಅಂದರು. ಒಂದು ವಾರ ಮನೆ ಹಿಂದಿನ ಕೆಸುವಿಗೆಲ್ಲ ತೂತು ಬಿತ್ತು. ಆಮೇಲೆ ಪುಸ್ತಕವೇ ಬೇಕಾಗಲಿಲ್ಲ. ಮೊದಲು ಕೈಯಲ್ಲಿ ಮಾಡಿಸಿ ಟೀಚರೇ. ಪೇಪರ್ ಬಿಡಿಸುವುದನ್ನು ಕೊನೆಯ ಮೂರ್ನಾಲ್ಕು ತಿಂಗಳಿಗೆ ಇಟ್ಟುಕೊಳ್ಳಿ.

ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ ಸಿಗುತ್ತದೆ. ಚುರುಕು ಮಕ್ಕಳ ದೊಡ್ಡ ರೋಗ ಅಂದರೆ ಕಷ್ಟದ ಒಂದು ಪ್ರಶ್ನೆಗೆ ಹಠ ಹಿಡಿದು ಹತ್ತು ನಿಮಿಷ ಕೂರುವುದು. ಅದನ್ನು ಬಿಟ್ಟು ಮುಂದೆ ಹೋಗಿ, ವಾಪಸ್ ಬರುವುದನ್ನು ಬೇರೆಯಾಗಿಯೇ ಕಲಿಸಬೇಕು. ಬಿಟ್ಟಾಗ ಉತ್ತರ ಗುರುತು ಮಾಡುವ ಓಎಂಆರ್ ಹಾಳೆಯಲ್ಲೂ ಆ ಸಾಲು ಬಿಡಬೇಕು ಅನ್ನುವುದನ್ನೂ! ನನ್ನ ಪಕ್ಕ ಕೂತಿದ್ದವನು ಅದೇ ತಪ್ಪು ಮಾಡಿ ಗೇಟ್ ಹತ್ತಿರ ಅತ್ತಿದ್ದು ಈಗಲೂ ನೆನಪಿದೆ.

ಸುಮ್ನೆ ಕೇಳ್ತೀನಿ · ಡಿಸೆಂಬರ್ 11

ಯಾರೂ ಬೇಜಾರು ಮಾಡಿಕೊಳ್ಳಬೇಡಿ. 23 ಮಕ್ಕಳಲ್ಲಿ ಓದಲು ಬರೆಯಲು ಬಾರದವರು ಎಷ್ಟು ಜನ ಇದ್ದಾರೋ. ಒಬ್ಬ ಟೀಚರ್, ಎರಡು ಕ್ಲಾಸು. ಬುದ್ಧಿ ಇರುವವನು ಹೇಗೋ ಬದುಕಿಕೊಳ್ಳುತ್ತಾನೆ. ಇರುವ ಸಮಯವನ್ನು ಹಿಂದುಳಿದವರಿಗೆ ಕೊಡುವುದು ನ್ಯಾಯ ಅಲ್ವಾ?

ಸಿದ್ದಾಪುರದ ಟೀಚರ್ · ಡಿಸೆಂಬರ್ 11

ಇದೇ ಪ್ರಶ್ನೆ ನಾನೂ ಕೇಳಿಕೊಂಡಿದ್ದೆ ಸರ್. ನಿಜ ಹೇಳಲಾ? ಈಗ ನನ್ನ ಸಮಯ ಜಾಸ್ತಿ ಹೋಗುತ್ತಿರುವುದು ಇವನ ತುಂಟತನ ನಿಲ್ಲಿಸುವುದಕ್ಕೇ. ಇವನಿಗೆ ಇಪ್ಪತ್ತು ನಿಮಿಷ ತಲೆ ಓಡಿಸುವ ಒಂದು ಕೆಲಸ ಸಿಕ್ಕಿದರೆ ಆ ಇಪ್ಪತ್ತು ನಿಮಿಷ ಓದು ಬಾರದ ಐವರ ಹತ್ತಿರ ಕೂರಬಹುದು. ಇನ್ನೊಂದು, ಬುದ್ಧಿ ಇರುವವನು ಹೇಗೋ ಬದುಕಿಕೊಳ್ಳುತ್ತಾನೆ ಅನ್ನುವುದು ಡಾಕ್ಟರ್ ಮಗನಿಗೆ ನಿಜ ಇರಬಹುದು. ಲೈನ್ ಮನೆಯವನನ್ನು ನಾವು ನೋಡದಿದ್ದರೆ ಹದಿನಾರಕ್ಕೆ ಮೆಣಸು ಕುಯ್ಯಲು ಏಣಿ ಹತ್ತುತ್ತಾನೆ.

ಶನಿವಾರಸಂತೆ ಮೇಷ್ಟ್ರು · ಡಿಸೆಂಬರ್ 12

ನಿವೃತ್ತನಾಗಿ ಎಂಟು ವರ್ಷ ಆಯಿತು, ಆದರೂ ಬಾಯಿ ಸುಮ್ಮನಿರುವುದಿಲ್ಲ. ಒಂದು ಪ್ರಶ್ನೆ ಟೀಚರ್: ಈ ಹುಡುಗ ಮೂರನೇ ಕ್ಲಾಸಿನಲ್ಲಿ ಹೇಗಿದ್ದ? ಚೆನ್ನಾಗಿದ್ದ ಅಂತ ನನ್ನ ಊಹೆ.

ಯಾಕೆ ಅಂದರೆ ಮೂರರವರೆಗೆ ನಲಿ ಕಲಿ. 1995ರ ಹೊತ್ತಿಗೆ ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಶುರುವಾದ ಪದ್ಧತಿ ಅದು. ಗೋಡೆ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡ್. ಒಂದು ಕಾರ್ಡ್ ಮುಗಿಸಿದ ಮಗು ಪಕ್ಕದವನಿಗೆ ಕಾಯದೇ ಮುಂದಿನ ಮೆಟ್ಟಿಲು ಹತ್ತುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ದಿನ ಒಂದೇ ಪುಟ. ಏಣಿ ಹತ್ತುತ್ತಿದ್ದವನನ್ನು ಇಳಿಸಿ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ನಾನು ಕಂಡ ಎಷ್ಟೋ ಚುರುಕು ಮಕ್ಕಳು ಕೆಟ್ಟಿದ್ದು ನಾಲ್ಕನೇ ಕ್ಲಾಸಿನಲ್ಲೇ.

ನಾನು ಮಾಡುತ್ತಿದ್ದುದು ಹೇಳುತ್ತೇನೆ. ಅಭ್ಯಾಸದ ಹತ್ತು ಲೆಕ್ಕದಲ್ಲಿ ಅತಿ ಕಷ್ಟದ ನಾಲ್ಕಕ್ಕೆ ಗುರುತು ಹಾಕಿ "ಮೊದಲು ಇದನ್ನು ಮಾಡು, ನಾಲ್ಕೂ ಸರಿಯಾದರೆ ಉಳಿದ ಆರು ಬೇಡ" ಅನ್ನುತ್ತಿದ್ದೆ. ಇದು ಬುದ್ಧಿವಂತರಿಗೆ ಮಾತ್ರ ಅಲ್ಲ, ಯಾರು ಬೇಕಾದರೂ ಪ್ರಯತ್ನಿಸಬಹುದು. ಆಗ ಜಗಳ ಇಲ್ಲ. ಉಳಿದ ಸಮಯಕ್ಕೆ ಬೇರೆ ಜಾತಿಯ ಲೆಕ್ಕ. ಶಾಲೆಯ ಮಾಡಿನಲ್ಲಿ ಹೆಂಚು ಎಷ್ಟಿದೆ, ಒಂದೊಂದಾಗಿ ಎಣಿಸದೇ ಹೇಳು. ನೂರು ರೂಪಾಯಿಗೆ 10, 20, 50ರ ನೋಟಿನಲ್ಲಿ ಎಷ್ಟು ಥರ ಚಿಲ್ಲರೆ ಕೊಡಬಹುದು, ಒಂದೂ ಬಿಡದೇ ಬರಿ. ಇಂಥವು ಒಂದು ಡಬ್ಬದಲ್ಲಿ ಚೀಟಿ ಮಾಡಿ ಇಟ್ಟಿದ್ದೆ.

ನಿಮ್ಮದು ಎರಡು ಕ್ಲಾಸ್ ಒಂದೇ ಕೋಣೆ. ಎಲ್ಲರೂ ಅದನ್ನು ಕಷ್ಟ ಅನ್ನುತ್ತಾರೆ, ನಿಮಗೆ ಅದು ಅದೃಷ್ಟ. ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಅವನು ನಾಲ್ಕನೇ ಕ್ಲಾಸೇ ಇರಲಿ. ಗಣಿತದ ಹೊತ್ತಿಗೆ ಐದನೆಯವರ ಬೆಂಚಿಗೆ ಕಳುಹಿಸಿ. ಎರಡು ಹೆಜ್ಜೆ ಅಷ್ಟೇ, ಯಾರ ಆರ್ಡರೂ ಬೇಕಿಲ್ಲ. ಕನ್ನಡಕ್ಕೆ ವಾಪಸ್ ಬರಲಿ.

ಮತ್ತೆ ಅವನನ್ನು ದಿನಾ "ಇವರಿಗೆ ಹೇಳಿಕೊಡು" ಅಂತ ಸಣ್ಣ ಮೇಷ್ಟ್ರು ಮಾಡಬೇಡಿ. ವಾರಕ್ಕೊಂದು ಸಲ ಸರಿ. ಅವನೂ ಕಲಿಯಲು ಬಂದಿರುವುದು.

ಹಾ, ಕಣ್ಣು ತೋರಿಸಿದಿರಾ? ಬೋರ್ಡ್ ಕಾಣದೇ ಅಂಕ ಹೋಗುವ ಮಕ್ಕಳೂ ಇದ್ದಾರೆ.

ಮಡಿಕೇರಿಯ ಆಪ್ತ ಸಮಾಲೋಚಕಿ · ಡಿಸೆಂಬರ್ 13

ಮೇಷ್ಟ್ರು ಅರ್ಧ ಕೆಲಸ ಮುಗಿಸಿದ್ದಾರೆ. ನಾನು ಓದುವ ವಿಷಯಕ್ಕೆ ಬರುತ್ತೇನೆ.

ಕಥೆ ಲೆಕ್ಕ ಮಾತ್ರ ಖಾಲಿ ಬಿಡುತ್ತಾನೆ ಅಂದಿರಿ. ಹೀಗೆ ಮಾಡಿ ನೋಡಿ. ಅವನು ಕಾಣದ ಎರಡು ಸಣ್ಣ ಪಾಠ ತೆಗೆದುಕೊಳ್ಳಿ, ಒಂದೇ ಮಟ್ಟದ್ದು. ಒಂದನ್ನು ಅವನೇ ಓದಿ ಐದು ಪ್ರಶ್ನೆಗೆ ಉತ್ತರ ಹೇಳಲಿ. ಇನ್ನೊಂದನ್ನು ನೀವು ಓದಿ ಹೇಳಿ, ಐದು ಪ್ರಶ್ನೆ ಕೇಳಿ. ಕೇಳಿದ್ದರಲ್ಲಿ ಐದಕ್ಕೆ ಐದು ಬಂದು, ಓದಿದ್ದರಲ್ಲಿ ಎರಡು ಬಂದರೆ ತೊಂದರೆ ತಿಳುವಳಿಕೆಯದ್ದಲ್ಲ, ಅಕ್ಷರದ್ದು. ಅವನಿಗೆ ಪುಸ್ತಕದ ಕನ್ನಡ ಎರಡನೇ ಭಾಷೆ ಅನ್ನುವುದು ಮರೆಯಬೇಡಿ. ಅದರ ಜೊತೆ ಅಕ್ಷರ ಅದಲು ಬದಲು, ಒತ್ತಕ್ಷರ ಬಿಡುವುದು, ಒಂದೇ ಪದ ಒಂದೊಂದು ಸಾಲಿನಲ್ಲಿ ಒಂದೊಂದು ಥರ ಬರೆಯುವುದು ಜಾಸ್ತಿ ಇದ್ದರೆ ನನಗೆ ತಿಳಿಸಿ. ತುಂಬಾ ಚುರುಕಾದ ಮಗುವಿಗೇ ಓದುವ ನ್ಯೂನತೆಯೂ ಇರಬಹುದು. ಅಂಥವರಲ್ಲಿ ಬುದ್ಧಿ ನ್ಯೂನತೆಯನ್ನು ಮುಚ್ಚುತ್ತದೆ, ನ್ಯೂನತೆ ಬುದ್ಧಿಯನ್ನು ಮುಚ್ಚುತ್ತದೆ. ಹೊರಗೆ ಕಾಣುವುದು ಐವತ್ತೈದು ಅಂಕದ ಸಾಧಾರಣ ಹುಡುಗ.

ಐಕ್ಯೂ ಮಾಡಿಸಬೇಕಾ ಅಂತ ಇಲ್ಲಿ ಬರುವ ತಂದೆತಾಯಿ ಎಲ್ಲರೂ ಕೇಳುತ್ತಾರೆ. ಸರಾಸರಿ 100, 130 ದಾಟಿದರೆ ಪ್ರತಿಭಾವಂತ ಅನ್ನುವುದು ರೂಢಿ, ಸುಮಾರು ನೂರರಲ್ಲಿ ಇಬ್ಬರು. ನಮ್ಮಲ್ಲಿ ಇದು ಹೊಸದೇನಲ್ಲ. ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಧಾರವಾಡದ ಮಕ್ಕಳಿಗೆ ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ ಬಿನೆ ಅವರ ಬುದ್ಧಿ ಪರೀಕ್ಷೆಯನ್ನು ಹೊಂದಿಸಿದ್ದರು. ಬಿನೆ–ಕಾಮತ್ ಪರೀಕ್ಷೆ ಅನ್ನುವುದು ಅದನ್ನೇ. ಆದರೆ ಮಾತಿನ ಪ್ರಶ್ನೆ ಜಾಸ್ತಿ ಇರುವ ಪರೀಕ್ಷೆಯಲ್ಲಿ ಎರವ ಮಾತಾಡುವ ಮಗುವಿಗೆ ಸಿಗುವ ಅಂಕ ಅವನ ಕನ್ನಡವನ್ನೂ ಅಳೆಯುತ್ತದೆ. ರೇವನ್ ಅವರ ಚಿತ್ರದ ಪರೀಕ್ಷೆ ಕೊಟ್ಟರೆ ಆ ತೊಂದರೆ ಕಡಿಮೆ.

ಒಂದು ಕಥೆ ನಾನು ಎಲ್ಲರಿಗೂ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಲು ಶುರು ಮಾಡಿದರು. ಅಂಕ ಸಾಲದೆ ಹೊರಗುಳಿದವರಲ್ಲಿ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಬರಲಿಲ್ಲ. ನಿಮ್ಮ ರೈಟರ್ ಹೇಳಿದ ಚೀಲದ ಕಥೆ ನನಗೆ ಒಂದು ನಂಬರಿಗಿಂತ ಜಾಸ್ತಿ ಹೇಳುತ್ತದೆ.

ಪಂಚಾಯಿತಿ ಲೈಬ್ರರಿ · ಡಿಸೆಂಬರ್ 14

ನಾನು ನಾಪೋಕ್ಲು ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು, ಈಗಿನ ಹೆಸರು ಅರಿವು ಕೇಂದ್ರ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ. ಟೀಚರ್, ಹುಡುಗನ ಹೆಸರು ನಿಮ್ಮ ಪಂಚಾಯಿತಿಯಲ್ಲಿ ಬರೆಸಿ. ಜುಲೈಯಲ್ಲಿ ಮಳೆ ರಜೆ ಮೇಲೆ ರಜೆ ಬರುತ್ತದಲ್ಲ, ಆಗ ಮನೆಯಲ್ಲಿ ಪುಸ್ತಕ ಇರುವ ಮಗುವಿಗೂ ಇಲ್ಲದ ಮಗುವಿಗೂ ಆಗುವ ವ್ಯತ್ಯಾಸ ನಾನು ಪ್ರತೀ ವರ್ಷ ನೋಡುತ್ತೇನೆ.

ಒಂದೇ ಮಾತು. ದಪ್ಪ ಪುಸ್ತಕ ಕೊಟ್ಟು ಹೆದರಿಸಬೇಡಿ. ಓದು ನಿಧಾನ, ತಲೆ ಮುಂದೆ ಇರುವ ಮಕ್ಕಳಿಗೆ ಮಗ್ಗಿ ಪುಸ್ತಕದಂಥ ಚಿಕ್ಕವರ ಪುಸ್ತಕ ಕೊಟ್ಟರೆ ಅವಮಾನ ಆಗುತ್ತದೆ. ಚಿತ್ರ ಜಾಸ್ತಿ, ಮಾತು ಕಡಿಮೆ, ವಿಷಯ ದೊಡ್ಡದು ಇರುವಂಥದ್ದು ಹುಡುಕಿ. ಗ್ರಹ, ಹಾವು, ಯಂತ್ರದ ಒಳಭಾಗ. ನಮ್ಮಲ್ಲಿ ಒಬ್ಬ ಹುಡುಗ ಡೀಸೆಲ್ ಎಂಜಿನ್ನಿನ ಚಿತ್ರದ ಕೆಳಗಿನ ಹೆಸರು ಓದಲೆಂದೇ ಒತ್ತಕ್ಷರ ಕಲಿತ.

ಸುಮ್ನೆ ಕೇಳ್ತೀನಿ · ಡಿಸೆಂಬರ್ 15

ಟೀಚರ್ ಉತ್ತರ ಒಪ್ಪಿದೆ. ಆದರೆ ಇನ್ನೊಂದು ಕೇಳುತ್ತೇನೆ. ನವೋದಯ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹತ್ತು ವರ್ಷದ ಮಗು ಮನೆ ಬಿಟ್ಟು ಹೋಗಬೇಕು. ಅವನ ತಾಯಿಯನ್ನು ಯಾರಾದರೂ ಕೇಳಿದಿರಾ? ಹಾಸ್ಟೆಲಿನಲ್ಲಿ ಅವನ ಭಾಷೆ ಮಾತಾಡುವವರು ಒಬ್ಬರಾದರೂ ಇರುತ್ತಾರಾ?

ಗಾಳಿಬೀಡಿನ ಹಳೇ ಹುಡುಗ · ಡಿಸೆಂಬರ್ 15

ಒಳ್ಳೆ ಪ್ರಶ್ನೆ. ಮೊದಲ ಮೂರು ತಿಂಗಳು ನಾನೂ ಅತ್ತಿದ್ದೇನೆ, ನನ್ನದು ಕನ್ನಡ ಮನೆಯಾಗಿಯೂ. ಆಮೇಲೆ ಬಿಟ್ಟು ಬರಲು ಮನಸ್ಸಾಗಲಿಲ್ಲ, ನನ್ನ ಹಾಗೇ ತಲೆಹರಟೆ ಪ್ರಶ್ನೆ ಕೇಳುವವರು ನಲವತ್ತು ಜನ ಒಂದೇ ಕಡೆ ಸಿಕ್ಕಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ತಾಯಿ ಮಗ ಇಬ್ಬರನ್ನೂ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ನಿರ್ಧಾರ ಅವರದ್ದು.

ಸಿದ್ದಾಪುರದ ಟೀಚರ್ · ಫೆಬ್ರವರಿ 3

ತಡವಾಯಿತು, ಕ್ಷಮಿಸಿ. ರೋಬಸ್ಟಾ ಕುಯ್ಲು ಜೋರಾಗಿ ನಡೆದು ಜನವರಿಯಲ್ಲಿ ಅರ್ಧ ಮಕ್ಕಳು ಬರಲೇ ಇಲ್ಲ. ಇವನೂ ಎಂಟು ದಿನ ಬರಲಿಲ್ಲ, ತಂಗಿಯನ್ನು ನೋಡಿಕೊಳ್ಳಬೇಕಿತ್ತಂತೆ.

ಮೇಷ್ಟ್ರೇ, ಕಣ್ಣು ಸರಿ ಇದೆ. ಮೂರನೇ ಕ್ಲಾಸಿನ ವಿಷಯದಲ್ಲಿ ನಿಮ್ಮ ಊಹೆಯೂ ಸರಿ. ನಲಿ ಕಲಿ ಟೀಚರನ್ನು ಕೇಳಿದೆ. ಗಣಿತದ ಕಾರ್ಡೆಲ್ಲ ಎಲ್ಲರಿಗಿಂತ ಮೊದಲೇ ಮುಗಿಸಿದ್ದನಂತೆ, ಕನ್ನಡದ ಏಣಿಯಲ್ಲಿ ಮಾತ್ರ ಹಿಂದೆ.

ಸಮಾಲೋಚಕಿ ಮೇಡಂ ಹೇಳಿದ ಹಾಗೆ ಓದಿಸಿ, ಕೇಳಿಸಿ ನೋಡಿದೆ. ಓದಿದ್ದರಲ್ಲಿ ಎರಡು, ಕೇಳಿದ್ದರಲ್ಲಿ ಐದಕ್ಕೆ ಐದು. ಕಥೆ ಲೆಕ್ಕವನ್ನು ನಾನು ಓದಿ ಹೇಳಿದರೆ ಮಾತು ಮುಗಿಯುವ ಮೊದಲೇ ಉತ್ತರ. ಅಕ್ಷರ ಅದಲು ಬದಲು ಅಷ್ಟಾಗಿ ಕಾಣಲಿಲ್ಲ, ಪುಸ್ತಕದ ಪದಗಳೇ ಅವನಿಗೆ ಗೊತ್ತಿಲ್ಲ. "ಒಟ್ಟು ಮೊತ್ತ", "ಉಳಿದವುಗಳೆಷ್ಟು" ಅಂದರೆ ಪಿಳಿಪಿಳಿ ನೋಡುತ್ತಾನೆ. ಈಗ ದಿನಾ ಬೆಳಿಗ್ಗೆ ಅವನೇ ಒಂದು ಕಥೆ ಲೆಕ್ಕ ಹೇಳುತ್ತಾನೆ, ನಾನು ಅವನ ಮಾತಿನಲ್ಲೇ ಬರೆಯುತ್ತೇನೆ, ಅವನೇ ಓದುತ್ತಾನೆ. ತನ್ನದೇ ಮಾತು ಅಲ್ವಾ, ತಡವರಿಸುವುದಿಲ್ಲ. ಮಾರನೇ ದಿನ ಅದರಲ್ಲಿ ಒಂದು ಪುಸ್ತಕದ ಪದ ಸೇರಿಸುತ್ತೇನೆ.

ಗಣಿತಕ್ಕೆ ಐದನೆಯವರ ಬೆಂಚಿನಲ್ಲಿ ಕೂರುತ್ತಾನೆ. ಚಿಲ್ಲರೆ ಲೆಕ್ಕದ ಚೀಟಿ ಕೊಟ್ಟ ದಿನದ್ದು ಹೇಳಲೇಬೇಕು. ಒಂಬತ್ತು ಥರ ಬರೆದು ತಂದ. "ಇನ್ನೊಂದು ಇದೆ" ಅಂದೆ, ಯಾವುದು ಅಂತ ಹೇಳಲಿಲ್ಲ. ಮುಖ ಕೆಂಪಾಯಿತು. ಹಾಳೆ ಹರಿದು ಕಿಸೆಗೆ ತುರುಕಿಕೊಂಡು ಮನೆಗೆ ಹೋಗುವವರೆಗೂ ಮಾತಾಡಲಿಲ್ಲ. ಅವನಿಗೆ ಲೆಕ್ಕದಲ್ಲಿ ತಪ್ಪು ಅಂತ ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕು. ನಾನು ಜಾಸ್ತಿ ಮಾಡಿಬಿಟ್ಟೆನಾ ಅಂತ ರಾತ್ರಿ ಎಲ್ಲಾ ಯೋಚನೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಗೇಟ್ ಹತ್ತಿರ ನಿಂತಿದ್ದ. "ಐದು ಇಪ್ಪತ್ತು, ಟೀಚರ್." ಇನ್ನು ಇಲ್ಲ ಅಂತ ಹೇಗೆ ಗೊತ್ತು ಅಂದೆ. ಹರಿದ ಹಾಳೆಯ ಹಿಂದೆ ಬರೆದಿದ್ದ. ಐವತ್ತರ ನೋಟು ಎರಡಿದ್ದರೆ ಒಂದೇ ಥರ, ಒಂದಿದ್ದರೆ ಮೂರು, ಇಲ್ಲವೇ ಇಲ್ಲದಿದ್ದರೆ ಆರು. ಒಟ್ಟು ಹತ್ತು.

ತಾಯಿಯ ಹತ್ತಿರ ಗಾಳಿಬೀಡಿನ ಮಾತು ಎತ್ತಿದ್ದೇನೆ. "ಕುಯ್ಲು ಮುಗಿಯಲಿ, ನೋಡಿ ಬರುವ" ಅಂದಿದ್ದಾರೆ.

ಈಗ ಅರ್ಜೆಂಟಾಗಿ ಒಂದು ಸಹಾಯ ಬೇಕು. ಕಾಗದ ಮಡಚಿ ತೂತು ಹಾಕುವ ಆಟ ಶುರು ಮಾಡಿಸಿದ್ದೆ. ಇವತ್ತು ಕೇಳುತ್ತಾನೆ, "ನಮ್ಮ ಹತ್ರ ಇರೋ ಯಾವ ಕಾಗದ ತಗೊಂಡರೂ ಏಳು ಸಲದ ಮೇಲೆ ಮಡಚೋಕೆ ಆಗ್ತಿಲ್ಲ, ಯಾಕೆ?" ಏನು ಹೇಳಲಿ?

ಗಾಳಿಬೀಡಿನ ಹಳೇ ಹುಡುಗ · ಫೆಬ್ರವರಿ 3

ಏನೂ ಹೇಳಬೇಡಿ! ಒಂದು ನ್ಯೂಸ್‌ಪೇಪರ್ ಹಾಳೆ ಕೊಟ್ಟು, ಪ್ರತೀ ಮಡಿಕೆಗೆ ಎಷ್ಟು ಪದರ ಆಯಿತು ಅಂತ ಬರೆಯಲು ಹೇಳಿ.

ಸಿದ್ದಾಪುರದ ಟೀಚರ್ · ಫೆಬ್ರವರಿ 4

ಕೊಟ್ಟೆ. ಐದನೇ ಮಡಿಕೆಗೆ 32 ಅಂತ ಬರೆದ. ಆರು, ಏಳನ್ನು ಮಡಚಲೇ ಇಲ್ಲ, 64, 128 ಅಂತ ಬರೆದು ನಕ್ಕ. ಈಗ ಇಪ್ಪತ್ತನೇ ಮಡಿಕೆಗೆ ಎಷ್ಟು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತಾ ಕೂತಿದ್ದಾನೆ, ಲಕ್ಷ ದಾಟಿದೆ. ಐದನೇ ಕ್ಲಾಸಿನವರಲ್ಲಿ ಇಬ್ಬರು ಪಕ್ಕ ಸೇರಿಕೊಂಡಿದ್ದಾರೆ. ಬಿಸಿಯೂಟಕ್ಕೆ ಬೆಲ್ ಹೊಡೆದು ಹತ್ತು ನಿಮಿಷ ಆಯಿತು. ಅಡುಗೆಯವರು ನನ್ನನ್ನು ಬೈಯುತ್ತಿದ್ದಾರೆ, ಬರುತ್ತೇನೆ.